ಗಾಜಿನ ಟೀಪಾಟು

ನಮ್ಮದು ಕಾಫಿಯ ಮನೆ. ನನ್ನ ತಂದೆಯವರ ಕಾಲದ ಹಿತ್ತಾಳೆಯ ಫಿಲ್ಟರು ಇಂದಿಗೂ ಅಡಿಗೆಮನೆಯ ಕಟ್ಟೆಯ ಮೇಲೆ ತನ್ನ ಜಾಗವನ್ನು ಬಿಟ್ಟುಕೊಟ್ಟಿಲ್ಲ. ರಾತ್ರಿ ಮಲಗುವ ಮುಂಚೆ ಪುಡಿ ತುಂಬಿ, ಕುದಿನೀರು ಹೊಯ್ದು, ಮುಚ್ಚಳ ಮುಚ್ಚಿಬಿಟ್ಟರೆ ಒಳಗೆ ಏನು ನಡೆಯುತ್ತದೆ ಎಂಬುದು ಫಿಲ್ಟರಿಗೂ ದೇವರಿಗೂ ಮಾತ್ರ ಗೊತ್ತು. ಬೆಳಿಗ್ಗೆ ನೋಡಿದರೆ ಕೆಳಗಿನ ಪಾತ್ರೆಯಲ್ಲಿ ಡಿಕಾಕ್ಷನ್ ಇಳಿದಿರುತ್ತದೆ. ಆ ಹಿತ್ತಾಳೆಯ ಗೋಡೆಯ ಆಚೆ ಏನಾಗುತ್ತಿದೆಯೋ ನೋಡೋಣವೆಂದು ಇಷ್ಟು ವರ್ಷಗಳಲ್ಲಿ ನನಗಾಗಲಿ ನನ್ನ ಹೆಂಡತಿಗಾಗಲಿ ಒಮ್ಮೆಯೂ ಅನ್ನಿಸಿದ್ದಿಲ್ಲ. ನಂಬಿಕೆ ಎಂದರೆ ಇದೇ ಇರಬೇಕು ಎಂದು ನಾನು ತಿಳಿದಿದ್ದೆ.

ಇಂಥ ಮನೆಗೆ ಹೋದ ವರ್ಷ ಯುಗಾದಿಯ ಹೊತ್ತಿಗೆ ಚಹಾ ಬಂತು. ನಮ್ಮ ಅಳಿಯನಿಗೆ ಕೂನೂರಿನಲ್ಲಿ ಕೆಲಸ. ಹಬ್ಬಕ್ಕೆ ಬಂದ ಮಗಳು ಒಂದು ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, “ಅಪ್ಪಾ, ಇದು ನೀಲಗಿರಿಯ ಎಲೆ ಚಹಾ. ಹಾಲು ಹಾಕಿ ಕುದಿಸಬೇಡಿ” ಎಂದಳು. ಮಕ್ಕಳು ದೊಡ್ಡವರಾದ ಮೇಲೆ ತಂದೆತಾಯಿಗಳಿಗೆ ಹೇಳುವ ಮಾತಿನಲ್ಲಿ ಅರ್ಧ ಪಾಲು ಇಂಥ ‘ಬೇಡಿ’ಗಳೇ. ಅವಳು ಊರಿಗೆ ಹೊರಟ ಮಾರನೆಯ ದಿನವೇ ನಾನು ಹಾಲು ಹಾಕಿ ಕುದಿಸಿದೆ. ಆದದ್ದು ಚಹಾ ಅಲ್ಲ, ಕಷಾಯವೂ ಅಲ್ಲ. ನನ್ನ ಹೆಂಡತಿ ಒಂದು ಗುಟುಕು ಕುಡಿದು, ಲೋಟವನ್ನು ನನ್ನ ಕಡೆಗೇ ಸರಿಸಿ, “ಮಾಡಿದವರೇ ಕುಡೀಬೇಕು” ಎಂದಳು.

ತಪ್ಪು ಎಲೆಯದಲ್ಲ, ನನ್ನದು. ನಮ್ಮ ಮನೆಗಳಲ್ಲಿ, ಹೋಟೆಲುಗಳಲ್ಲಿ ಹಾಲಿನೊಡನೆ ಕುದಿಯುವ ಟೀ ಪುಡಿ ಬಹುಮಟ್ಟಿಗೆ ಸಿ.ಟಿ.ಸಿ. ಎಂಬ ಬಗೆಯದು. ಎಲೆಯನ್ನು ಹಲ್ಲುಗಳಿರುವ ಉರುಳೆಗಳ ನಡುವೆ ಹಾಯಿಸಿ, ಜಜ್ಜಿ, ಹರಿದು, ಕಾಳಿನಂತೆ ಸುರುಟಿಸುವ ಈ ವಿಧಾನ 1930ರ ಸುಮಾರಿಗೆ ಅಸ್ಸಾಮಿನಲ್ಲಿ ಹುಟ್ಟಿತು. ವಿಲಿಯಂ ಮೆಕರ್ಚರ್ ಎಂಬವರು ಅದರ ಜನಕರು. ಅಂಥ ಪುಡಿ ನೀರಿಗೆ ಬಿದ್ದ ಕೂಡಲೇ ತನ್ನಲ್ಲಿದ್ದುದನ್ನೆಲ್ಲ ಕೊಟ್ಟುಬಿಡುತ್ತದೆ. ಹಾಲು, ಸಕ್ಕರೆ, ಶುಂಠಿ, ಏಲಕ್ಕಿ ಯಾವುದಕ್ಕೂ ಹೆದರುವುದಿಲ್ಲ. ಎಲೆ ಚಹಾದ ಸ್ವಭಾವ ಹಾಗಲ್ಲ. ಬಾಡಿಸಿ, ಹೊಸೆದು, ಮಾಗಿಸಿ, ಒಣಗಿಸಿದ ಎಲೆ ಬಿಸಿನೀರಿನಲ್ಲಿ ಮೆಲ್ಲಗೆ ಮಡಿಕೆ ಬಿಚ್ಚಬೇಕು. ಬಿಚ್ಚುವುದಕ್ಕೆ ಜಾಗ ಬೇಕು. ಪರಿಮಳ ಬಿಟ್ಟ ಮೇಲೆ, ಒಗರು ಮುಂದಕ್ಕೆ ನುಗ್ಗುವ ಮೊದಲು, ಅದನ್ನು ನೀರಿನಿಂದ ಎತ್ತಿಬಿಡಬೇಕು. ಹೊತ್ತು ಮೀರಿದರೆ ಕಹಿ. ಆದುದರಿಂದ ಎಲೆ ಚಹಾಕ್ಕೆ ತನ್ನದೇ ಆದ ಪಾತ್ರೆಯೊಂದು ಬೇಕು. ಹೀಗಾಗಿ ಒಂದು ಸಂಜೆ ನಾವಿಬ್ಬರೂ ಗಾಂಧಿಬಜಾರಿನ ಪಾತ್ರೆಯಂಗಡಿಯೊಂದಕ್ಕೆ ಹೋದೆವು. ಅಂಗಡಿಗೆ ಐದು ಮೆಟ್ಟಿಲು. ನನ್ನ ಹೆಂಡತಿಗೆ ಮೊಣಕಾಲು ನೋವು. ಐದು ಮೆಟ್ಟಿಲಿಗೆ ಎರಡು ಸಲ ನಿಂತಳು.

ಅಂಗಡಿಯವರು ಮೂರು ಬಗೆಯ ಟೀಪಾಟುಗಳನ್ನು ಮುಂದಿಟ್ಟರು: ಸ್ಟೀಲಿನದು, ಪಿಂಗಾಣಿಯದು, ಗಾಜಿನದು. ನಾನು ಸ್ಟೀಲಿನದಕ್ಕೆ ಕೈಹಾಕಿದೆ. ಬಿದ್ದರೂ ಒಡೆಯುವುದಿಲ್ಲ, ಒಳಗೆ ಕಲೆಯಾದರೂ ಯಾರಿಗೂ ಕಾಣುವುದಿಲ್ಲ. ಲೆಕ್ಕಪತ್ರದ ಕಚೇರಿಯಲ್ಲಿ ಮೂವತ್ತು ವರ್ಷ ಕಳೆದವನಿಗೆ ಇಂಥ ಪಾತ್ರೆ ಹಿಡಿಸುವುದು ಸಹಜ. ನನ್ನ ಹೆಂಡತಿ ಗಾಜಿನದನ್ನೇ ಎತ್ತಿಕೊಂಡು ಬೆಳಕಿಗೆ ಹಿಡಿದಳು. “ಇದು ಒಡೆಯುತ್ತೆ ಕಣೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ” ಎಂದೆ. “ಒಡೆದರೆ ಒಡೀಲಿ. ಒಳಗೇನು ನಡೀತಿದೆ ಅಂತ ಕಾಣೋ ಸಾಮಾನು ಮನೇಲಿ ಒಂದಾದರೂ ಇರಲಿ” ಎಂದಳು. ಅಂಗಡಿಯವರು ನಕ್ಕರು. ನಾನೂ ನಕ್ಕೆ.

ಗಾಜೆಂದು ಗೊತ್ತಾದ ಮೇಲೆ ಯಾವ ಗಾಜು ಎಂಬ ಪ್ರಶ್ನೆ. ಕಿಟಕಿಗೆ, ಸೀಸೆಗೆ ಬಳಸುವ ಸಾಮಾನ್ಯ ಗಾಜು ಕುದಿನೀರು ಬಿದ್ದೊಡನೆ ಒಂದು ಕಡೆ ಹಿಗ್ಗಿ, ಇನ್ನೊಂದು ಕಡೆ ಹಿಗ್ಗದೆ, ಈ ಸೆಳೆತ ತಾಳಲಾರದೆ ಬಿರಿಯುತ್ತದೆ. ಬೋರೋಸಿಲಿಕೇಟ್ ಎಂಬ ಗಾಜು ಹಿಗ್ಗುವುದು ಅದರ ಸುಮಾರು ಮೂರನೆಯ ಒಂದು ಪಾಲಿನಷ್ಟು ಮಾತ್ರ, ಆದುದರಿಂದ ತಾಳಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಜರ್ಮನಿಯ ಯೇನಾ ಪಟ್ಟಣದಲ್ಲಿ ಒಟ್ಟೊ ಷಾಟ್ ಎಂಬ ವಿಜ್ಞಾನಿ ಇದನ್ನು ಸಿದ್ಧಪಡಿಸಿದರು. ಮೊದಲು ಇದು ಪ್ರಯೋಗಶಾಲೆಯ ಪಾತ್ರೆಗಳಿಗೂ ದೀಪದ ಚಿಮಣಿಗಳಿಗೂ ಒದಗಿತು. ಅದೇ ಊರಿನ ಕಾರ್ಖಾನೆಗಾಗಿ ವಿಲ್ಹೆಲ್ಮ್ ವಾಗನ್‌ಫೆಲ್ಟ್ ಎಂಬ ಕಲಾವಿದರು 1931ರಲ್ಲಿ ಗಾಜಿನ ಟೀಪಾಟೊಂದನ್ನು ರೂಪಿಸಿದರು. ಪ್ರಯೋಗಶಾಲೆಯ ವಸ್ತು ಊಟದ ಮೇಜಿಗೆ ಬಂದದ್ದು ಹೀಗೆ. ಅಂಗಡಿಯಲ್ಲಿ ದಪ್ಪ ಗಾಜನ್ನು ಕಂಡು ‘ಇದು ಗಟ್ಟಿ’ ಎಂದು ಮೋಸಹೋಗಬಾರದು. ಬಿಸಿಗೆ ಬಿರಿಯುವ ವಿಷಯದಲ್ಲಿ ದಪ್ಪ ಗಾಜಿಗಿಂತ ತೆಳುವಾದುದೇ ಮೇಲು.

ಮಿಕ್ಕ ವಿಷಯಗಳಿಗೆ ನಮ್ಮ ಅಜ್ಜಿಯರು ಗಿಂಡಿಯನ್ನು ಆರಿಸುವಾಗ ಉಪಯೋಗಿಸುತ್ತಿದ್ದ ಬುದ್ಧಿಯೇ ಸಾಕು. ಮೂತಿಯ ತುದಿ ಪಾತ್ರೆಯ ಬಾಯಿಗಿಂತ ಕೆಳಗಿದ್ದರೆ, ತುಂಬುವ ಮೊದಲೇ ನೀರು ಮೂತಿಯಿಂದ ಹೊರಟುಬಿಡುತ್ತದೆ. ಬಗ್ಗಿಸಿದಾಗ ಮುಚ್ಚಳ ಲೋಟದೊಳಕ್ಕೆ ಬೀಳಬಾರದು. ಹಿಡಿಯೊಳಗೆ ಬೆರಳು ತೂರಿಸಿದರೆ ಗೆಣ್ಣು ಬಿಸಿ ಗಾಜಿಗೆ ತಾಗಬಾರದು. ಎಲೆ ಹಾಕುವ ಸೋಸುಬುಟ್ಟಿ ಅಗಲವಾಗಿರಬೇಕು, ತಳದವರೆಗೂ ಇಳಿದಿರಬೇಕು. ಇಲ್ಲವಾದರೆ ಒಂದೇ ಲೋಟ ನೀರು ಹಾಕಿದ ದಿನ ಎಲೆ ಮೇಲೆ, ನೀರು ಕೆಳಗೆ, ಎರಡಕ್ಕೂ ಭೇಟಿಯೇ ಇಲ್ಲ. ಇವನ್ನೆಲ್ಲ ನೋಡಿಯೇ ಕೊಂಡೆವು. ಬೆಲೆ ಹೇಳುವುದಿಲ್ಲ, ನನ್ನ ಹೆಂಡತಿಯ ಲೆಕ್ಕದಲ್ಲಿ ಕಡಿಮೆ, ನನ್ನ ಲೆಕ್ಕದಲ್ಲಿ ಹೆಚ್ಚು.

ಬಳಸುವ ಕ್ರಮವೂ ಬೇಗ ಕೈಹತ್ತಿತು. ತೆಳುವಾದ ಗಾಜು ಬೇಗ ಆರುತ್ತದೆ. ಆದುದರಿಂದ ಮೊದಲು ಸ್ವಲ್ಪ ಬಿಸಿನೀರು ಹಾಕಿ, ಕುಲುಕಿ, ಚೆಲ್ಲಿ, ಪಾತ್ರೆಯನ್ನು ಬೆಚ್ಚಗೆ ಮಾಡಿಕೊಳ್ಳಬೇಕು. ಎರಡು ದೊಡ್ಡ ಲೋಟಕ್ಕೆ, ಎಂದರೆ ಸುಮಾರು 400 ಮಿಲಿಲೀಟರು ನೀರಿಗೆ, ನಾಲ್ಕೈದು ಗ್ರಾಮು ಎಲೆ. ಕಪ್ಪು ಚಹಾಕ್ಕೆ ಕುದಿ ಬಂದ ನೀರು, ಮೂರರಿಂದ ನಾಲ್ಕು ನಿಮಿಷ. ಹಸಿರು ಚಹಾ ಆದರೆ ಕುದಿನೀರು ಕೂಡದು. 80 ಡಿಗ್ರಿಗೆ ಆರಿದ ನೀರು, ಎರಡು ನಿಮಿಷ. ಬಿಸಿ ಪಾತ್ರೆಯನ್ನು ಒದ್ದೆ ಕಲ್ಲಿನ ಮೇಲೆ ಇಡಬಾರದು. ಒಳಗೆ ಕಂದು ಕಲೆ ಕಟ್ಟಿದರೆ ಒಂದು ಚಮಚ ಅಡಿಗೆ ಸೋಡಾ ಸಾಕು.

ಆದರೆ ಇಷ್ಟನ್ನು ಹೇಳಿದರೆ ಗಾಜಿನ ಟೀಪಾಟಿನ ವಿಷಯ ಹೇಳಿದಂತಾಗಲಿಲ್ಲ. ಮೊದಲನೆಯ ದಿನ ನೀರು ಹೊಯ್ದಾಗ ನಾವಿಬ್ಬರೂ ಮಾತು ಬಿಟ್ಟು ನೋಡುತ್ತ ಕುಳಿತೆವು. ಒಣಗಿ ಕಡ್ಡಿಯಂತಿದ್ದ ಎಲೆ ಒಂದೊಂದಾಗಿ ಮೈಮುರಿದು ಎದ್ದಿತು. ಕೆಲವು ಮೇಲಕ್ಕೆ ಹೋಗಿ ತೇಲಿದವು, ಕೆಲವು ಸಂಕೋಚದಿಂದ ತಳದಲ್ಲೇ ಉಳಿದವು. ಎಲೆಯಿಂದ ಬಣ್ಣದ ಎಳೆ ಹೊರಟು, ನೀರಿನಲ್ಲಿ ಸುಳಿದು, ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಜೇನಿನ ಬಣ್ಣ. ಅಲ್ಲಿಂದ ನಮ್ಮ ಮನೆಗೆ ಬಂದವರೆಲ್ಲರಿಗೂ ಈ ದರ್ಶನವಾಯಿತು. ಎಲ್ಲರೂ ಮೆಚ್ಚಿದರು. ನೆರೆಯ ನಿವೃತ್ತ ಪ್ರಾಧ್ಯಾಪಕರೊಬ್ಬರು, “ನೋಡಿ ಸ್ವಾಮಿ, ಮನುಷ್ಯ ಹೀಗಿರಬೇಕು. ಒಳಗೊಂದು ಹೊರಗೊಂದು ಇಲ್ಲ. ಪಾರದರ್ಶಕ!” ಎಂದರು. ನಾನು ತಲೆದೂಗಿದೆ. ನನ್ನ ಹೆಂಡತಿ ಎದ್ದು ಒಳಕ್ಕೆ ಹೋದಳು.

ಪಾರದರ್ಶಕತೆ ಎಂಬುದು ಈಗಿನ ಕಾಲದ ದೊಡ್ಡ ಮಾತು. 2005ರ ಮಾಹಿತಿ ಹಕ್ಕು ಕಾಯ್ದೆ ಬಂದ ಮೇಲಂತೂ ಪತ್ರಿಕೆ ತೆರೆದರೆ ಈ ಶಬ್ದ ಕಣ್ಣಿಗೆ ಬೀಳದ ದಿನವಿಲ್ಲ. ಕಚೇರಿಗಳಿಗೆ ಅದು ಬೇಕೇ ಬೇಕು. ಕಚೇರಿಯಲ್ಲಿ ಬೆಳೆದ ನನಗೆ ಅದರ ಅವಶ್ಯಕತೆ ಚೆನ್ನಾಗಿ ಗೊತ್ತು. ಆದರೆ ಮನುಷ್ಯ ಗಾಜಿನಂತೆ ಇರಬೇಕು ಎಂಬ ಮಾತು ನನಗೆ ಎಂದೂ ಪೂರ್ತಿ ಒಪ್ಪಿಗೆಯಾಗಿಲ್ಲ. ಚೀಣಾ ದೇಶದ ಈಷಿಂಗ್ ಎಂಬಲ್ಲಿ ಕೆಂಗಂದು ಜೇಡಿಯಿಂದ ಮಾಡುವ ಪುಟ್ಟ ಟೀಪಾಟುಗಳಿಗೆ ಶತಮಾನಗಳ ಹೆಸರಿದೆ. ಹೊರಗಿನಿಂದ ಅವುಗಳಲ್ಲಿ ಏನೂ ಕಾಣುವುದಿಲ್ಲ. ಇಂಗ್ಲೆಂಡಿನ ಜಾರ್ಜ್ ಆರ್ವೆಲ್ ಚಹಾ ಮಾಡುವ ಬಗೆಯನ್ನು ಕುರಿತು 1946ರಲ್ಲಿ ಬರೆದ ಪ್ರಬಂಧದಲ್ಲಿ ಆರಿಸಿಕೊಂಡದ್ದೂ ಪಿಂಗಾಣಿ ಅಥವಾ ಮಣ್ಣಿನ ಪಾತ್ರೆಯನ್ನೇ. ಇವು ಸುಳ್ಳು ಹೇಳುವ ಪಾತ್ರೆಗಳೆ? ನಮ್ಮ ಹಿತ್ತಾಳೆಯ ಫಿಲ್ಟರು ವಂಚಕನೆ? ಇನ್ನೊಂದು ಕಡೆ, ಚಹಾ ಎಲೆಯನ್ನೂ ಒಣಹೂವನ್ನೂ ದಾರದಿಂದ ಉಂಡೆ ಕಟ್ಟಿ, ನೀರಿಗೆ ಹಾಕಿದರೆ ಹೂವರಳುವಂತೆ ಮಾಡಿ ಮಾರುತ್ತಾರೆ. ಗಾಜಿನ ಪಾತ್ರೆಯಲ್ಲಿ ನೋಡುವುದಕ್ಕೆಂದೇ ಅದನ್ನು ಕಟ್ಟಿರುವುದು. ಮನಸ್ಸನ್ನು ಬಿಚ್ಚಿ ತೋರಿಸುತ್ತೇವೆನ್ನುವವರಲ್ಲಿ ಇಂಥ ಉಂಡೆ ಕಟ್ಟಿಕೊಂಡು ಬಂದವರನ್ನೂ ನಾನು ಕಂಡಿದ್ದೇನೆ.

ಹೀಗೆಲ್ಲ ವಾದ ಹೂಡಿಕೊಂಡು ನಾನು ನೆಮ್ಮದಿಯಾಗಿದ್ದೆ. ಆ ನೆಮ್ಮದಿಗೆ ನನ್ನದೇ ಒಂದು ಕಾರಣವಿತ್ತು. ಅದನ್ನು ಈಗ ಹೇಳಬೇಕು.

ಆರು ವರ್ಷಗಳ ಹಿಂದೆ, ನಿವೃತ್ತಿಗೆ ಮುಂಚೆ, ನನ್ನ ಸಹೋದ್ಯೋಗಿಯೊಬ್ಬರು ಸಾಲ ತೆಗೆದಾಗ ನಾನು ಜಾಮೀನು ಹಾಕಿದೆ. ಮೊತ್ತ ನಾಲ್ಕು ಲಕ್ಷ. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾಳೆ. ಸ್ನೇಹಿತರಿಗೆ ಇಲ್ಲ ಎನ್ನುವುದು ನನ್ನಿಂದಾಗದು. ಸುಮ್ಮನೆ ಏಕೆ ರಗಳೆ? ಇದು ನನ್ನ ಅಂದಿನ ತರ್ಕ. 1872ರ ಕರಾರು ಕಾಯ್ದೆಯ 128ನೆಯ ಕಲಮು ನನಗೆ ಬಾಯಿಪಾಠವಿತ್ತು: ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಎಷ್ಟೋ ಜನರಿಗೆ ನಾನೇ ಎಚ್ಚರಿಕೆ ಹೇಳಿದ್ದೆ. ಮೂರು ವರ್ಷ ಅವರು ಕಂತು ಕಟ್ಟಿದರು. ಆಮೇಲೆ ಕಾಯಿಲೆ ಬಿದ್ದರು, ಕಂತು ನಿಂತಿತು, ನನಗೆ ನೋಟೀಸು ಬಂತು. ನಾನು ಠೇವಣಿಯ ಬಡ್ಡಿಯಿಂದ ಒಂದೊಂದು ಕಂತನ್ನು ಗುಟ್ಟಾಗಿ ಕಟ್ಟುತ್ತ ಬಂದೆ. ಅದೇ ಸಮಯಕ್ಕೆ ಡಾಕ್ಟರು ನನ್ನ ಹೆಂಡತಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಬೇಕೆಂದರು. ಅವಳು, “ಈಗೇನು ಅವಸರ? ಅಷ್ಟೇನೂ ನೋವಿಲ್ಲ” ಎಂದಳು. ಆಗ ನನಗೆ ಸಮಾಧಾನವಾಯಿತು. ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ಆದದ್ದು ಸಮಾಧಾನವೇ.

ಕಳೆದ ದೀಪಾವಳಿಯ ಹಿಂದಿನ ವಾರ ಒಂದು ಮಧ್ಯಾಹ್ನ ಟೀಪಾಟಿಗೆ ನೀರು ಹೊಯ್ದು ಕುಳಿತಿದ್ದೆ. ಅಂಚೆಯವನು ಬಂದು ರಿಜಿಸ್ಟರ್ ಲಕೋಟೆ ಕೊಟ್ಟ. ಉಳಿದ ಬಾಕಿಯನ್ನೆಲ್ಲ ಒಂದೇ ಸಲ ಕಟ್ಟಬೇಕೆಂಬ ಕಾಗದ. ಅವಳು ಅಡಿಗೆಮನೆಯಿಂದ ಬರುವ ಸದ್ದು ಕೇಳಿ ಅದನ್ನು ಪತ್ರಿಕೆಯ ಕೆಳಗೆ ತೂರಿಸಿದೆ. ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ಎಲೆ ಎತ್ತುವುದನ್ನು ಮರೆತೆ. ಎದುರಿಗೇ ಗಾಜಿನಲ್ಲಿ ನೀರು ಕಂದಾಗಿ, ಕಪ್ಪಾಗಿ ಹೋಗುತ್ತಿದ್ದರೂ ನಾನು ಕಾಣಲಿಲ್ಲ. ಅವಳೇ ಬಂದು ಬಗ್ಗಿಸಿದಳು, ಒಂದು ಗುಟುಕು ಕುಡಿದಳು.

“ಬಹಳ ಹೊತ್ತು ಬಿಟ್ಟಿರಿ” ಎಂದಳು.

“ಮರೆತೆ. ಚೆಲ್ಲಿ ಬೇರೆ ಮಾಡೋಣ.”

“ಟೀ ಮಾತಲ್ಲ ನಾನು ಹೇಳಿದ್ದು. ಆ ಜಾಮೀನಿನ ವಿಷಯ ನನಗೆ ಎರಡು ವರ್ಷದಿಂದ ಗೊತ್ತು. ಅವರ ಮನೆಯವರು ಫೋನು ಮಾಡಿ ಅತ್ತಿದ್ದರು. ನೀವಾಗೇ ಹೇಳ್ತೀರೇನೋ ಅಂತ ಕಾದೆ.”

ನನ್ನ ಬಾಯಿಂದ ಹೊರಟ ಮೊದಲ ಮಾತು ಕ್ಷಮೆಯದಲ್ಲ. “ಹಾಗಾದರೆ ಆ ಮೊಣಕಾಲು?” ಎಂದೆ. ಅವಳು ಉತ್ತರ ಹೇಳಲಿಲ್ಲ. ಕಹಿ ಚಹಾವನ್ನೇ ಪೂರ್ತಿ ಕುಡಿದು ಲೋಟ ಕೆಳಗಿಟ್ಟಳು.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಗಾದೆಯನ್ನು ನಾನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೆನೋ! ನಾನು ಸ್ಟೀಲಿನ ಪಾತ್ರೆ ಎಂದುಕೊಂಡು ಎರಡು ವರ್ಷ ಗಾಜಾಗಿ ಕುಳಿತಿದ್ದೆ. ಒಳಗಿನ ಎಲೆ, ಬಣ್ಣ, ಕಲೆ ಎಲ್ಲವೂ ಅವಳಿಗೆ ಕಾಣುತ್ತಿತ್ತು. ಆ ರಾತ್ರಿ ನಿದ್ದೆ ಬರದೆ ಪ್ರಾಧ್ಯಾಪಕರ ಮಾತನ್ನೂ ನನ್ನ ವಾದವನ್ನೂ ಮತ್ತೆ ತೂಗಿ ನೋಡಿದೆ.

ಮೊದಲನೆಯದಾಗಿ ತೋರಿದ್ದು: ಗಾಜಿಗೆ ಪಾರದರ್ಶಕತೆ ಒಂದು ಗುಣವಲ್ಲ, ಅದರ ಹಣೆಬರಹ. ತೋರಿಸಬೇಕೋ ಬೇಡವೋ ಎಂಬ ಆಯ್ಕೆ ಗಾಜಿಗಿಲ್ಲ. ಆಯ್ಕೆ ಇಲ್ಲದ ಕಡೆ ಪುಣ್ಯವೂ ಇಲ್ಲ. ನನ್ನ ಹೆಂಡತಿಗೆ ನನ್ನ ಗುಟ್ಟು ಗೊತ್ತಾಗಿತ್ತು. ಅದರಿಂದ ನಾನು ಸತ್ಯವಂತನಾದೆನೆ? ಇಲ್ಲ. ಕಂಡುಬಿಡುವುದು ಬೇರೆ, ಹೇಳುವುದು ಬೇರೆ. ಟೀಪಾಟಿನಲ್ಲಿ ಚಹಾ ಎಷ್ಟು ಚೆನ್ನಾಗಿ ಕಂಡರೂ ಯಾರಾದರೂ ಎತ್ತಿ ಬಗ್ಗಿಸುವವರೆಗೆ ಅದು ಲೋಟಕ್ಕೆ ಬರುವುದಿಲ್ಲ. ಅವಳು ಎರಡು ವರ್ಷ ಕಾದದ್ದು ಸುದ್ದಿಗಾಗಿ ಅಲ್ಲ, ನಾನು ಬಗ್ಗಿಸಲಿ ಎಂದು.

ಎರಡನೆಯದು: ಮುಚ್ಚಿದ ಪಾತ್ರೆಗಳ ಪರವಾಗಿ ನಾನು ಹೂಡಿದ ವಾದ ಸುಳ್ಳಲ್ಲ, ಅರ್ಧ. ಎಲ್ಲವನ್ನೂ ಎಲ್ಲರಿಗೂ ತೋರಿಸಬೇಕಾಗಿಲ್ಲ ಎಂಬುದು ನಿಜ. ಹಾಗಾದರೆ ಯಾರಿಗೆ ತೋರಿಸಬೇಕು? ಕುಡಿಯಬೇಕಾದವರಿಗೆ. ನನಗೆ ತೋಚಿದ ಉತ್ತರ ಇಷ್ಟೇ. ಇದಕ್ಕಿಂತ ದೊಡ್ಡ ತತ್ತ್ವ ನನ್ನಲ್ಲಿಲ್ಲ. ನನ್ನ ಸಂಬಳ, ನನ್ನ ಹರಕೆ, ನನ್ನ ಹಳೆಯ ಆಸೆಗಳು ನೆರೆಯವರಿಗೆ ಕಾಣಬೇಕಾಗಿಲ್ಲ. ಅದರ ಒಂದು ತೊಟ್ಟೂ ಅವರ ಲೋಟಕ್ಕೆ ಬೀಳುವುದಿಲ್ಲ. ಫಿಲ್ಟರಿನ ಒಳಗು ನನಗೆ ಕಾಣದಿದ್ದರೂ ಚಿಂತೆಯಿಲ್ಲ. ಪುಡಿ ಎಷ್ಟು, ನೀರೆಷ್ಟು ಎಂದು ತಿಳಿದು ಹಾಕಿದವರು ನಾವೇ. ಆದರೆ ಜಾಮೀನಿನ ರುಜುವಿನಿಂದ ಬರುವ ಕಹಿಯಲ್ಲಿ ನನ್ನ ಹೆಂಡತಿಗೆ ಸಮಪಾಲಿತ್ತು. ‘ಮಾಡಿದವರೇ ಕುಡೀಬೇಕು’ ಎಂದು ಅವಳು ತಮಾಷೆಗೆ ಹೇಳಿದ್ದಳು. ಸಂಸಾರದಲ್ಲಿ ಹಾಗಾಗುವುದಿಲ್ಲ. ಒಬ್ಬರು ಮಾಡಿದ್ದನ್ನು ಇಬ್ಬರೂ ಕುಡಿಯಬೇಕು. ಆದುದರಿಂದ ಅವಳಿಗೆ ನೋಡುವ ಹಕ್ಕಿತ್ತು. ಅದೂ ನೀರು ಹೊಯ್ಯುವ ಮೊದಲೇ ಇತ್ತು. ಅವಳ ಮನಸ್ಸನ್ನು ನೋಯಿಸಬಾರದೆಂದು ಮುಚ್ಚಿಟ್ಟೆ ಎಂದು ನಾನು ಅಂದುಕೊಂಡಿದ್ದೆ. ವಾಸ್ತವವಾಗಿ, ಅವಳು ಬೇಡವೆನ್ನಬಹುದಾಗಿದ್ದ ಅವಕಾಶವನ್ನು ಅವಳಿಂದ ಕಿತ್ತುಕೊಂಡಿದ್ದೆ.

ಮೂರನೆಯದು ಹೊತ್ತಿನ ವಿಷಯ. ಅಂದು ನೋಟೀಸು ಬಂದ ದಿನವೇ ಹೇಳಿದ್ದರೆ ಒಂದು ಜಗಳವಾಗುತ್ತಿತ್ತು, ಎರಡು ದಿನ ಮಾತಿರುತ್ತಿರಲಿಲ್ಲ, ಮೂರನೆಯ ದಿನ ಇಬ್ಬರೂ ಕುಳಿತು ಲೆಕ್ಕ ಹಾಕುತ್ತಿದ್ದೆವು. ಆ ನಿಜವೇ ಎರಡು ವರ್ಷ ನೀರಿನಲ್ಲಿ ಬಿದ್ದಿದ್ದು ಹೊರಬಂದಾಗ, ಎಲೆ ಅದೇ ಆದರೂ ರುಚಿ ಅದಲ್ಲ. ಅದರಲ್ಲಿ ಎರಡು ವರ್ಷದ ಅವಳ ನೋವು ಬೆರೆತಿತ್ತು.

ಇಲ್ಲಿ ಒಂದು ಮಾತನ್ನು ಅವಳ ಮೇಲೂ ಹೇಳಬೇಕು. ಅವಳ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ. “ಅಷ್ಟೇನೂ ನೋವಿಲ್ಲ” ಎಂದಳಲ್ಲ, ಅದು ಏನು? ನನ್ನದು ಭಯದಿಂದ ಮುಚ್ಚಿಟ್ಟದ್ದು, ಅವಳದು ಕರುಣೆಯಿಂದ ಮುಚ್ಚಿಟ್ಟದ್ದು. ತೂಕದಲ್ಲಿ ಎರಡೂ ಒಂದಲ್ಲ. ಆದರೂ ಅವಳ ನೋವಿನಲ್ಲಿ ನನಗೂ ಪಾಲಿತ್ತು. ಒಂದೇ ಮೇಜಿನ ಎರಡು ಕಡೆ ಎರಡು ಮುಚ್ಚಿದ ಪಾತ್ರೆಗಳು ಕುಳಿತು, ನಡುವಿನ ಗಾಜಿನ ಪಾತ್ರೆಯನ್ನು ನೋಡುತ್ತ ಎಷ್ಟು ಚೆಂದ ಎನ್ನುತ್ತಿದ್ದವು! ನಾನು ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದೂ ನಿಜ ಅನ್ನಿ. ಆದರೆ ಮೊದಲು ಮುಚ್ಚಳ ಮುಚ್ಚಿದವರು ನೀವು” ಎಂದಳು. ಲೆಕ್ಕದಲ್ಲಿ ಅವಳು ನನಗಿಂತ ಗಟ್ಟಿ.

ಠೇವಣಿ ಒಡೆದೆವು. ಬ್ಯಾಂಕಿನವರೊಡನೆ ಮಾತಾಡಿ ಬಾಕಿಗೆ ಹೊಸ ಕಂತು ಗೊತ್ತುಮಾಡಿಕೊಂಡೆವು. ಈ ಸಲ ಇಬ್ಬರೂ ಹೋಗಿದ್ದೆವು. ಸಂಕ್ರಾಂತಿ ಕಳೆದ ಮೇಲೆ ಮೊಣಕಾಲಿನ ಶಸ್ತ್ರಚಿಕಿತ್ಸೆಯೂ ಆಯಿತು. ಕಾಯಿಲೆಯಲ್ಲಿರುವ ಆ ಸ್ನೇಹಿತರನ್ನು ನೋಡಿ ಬಂದೆವು. ಅವರ ಮೇಲೆ ಸಿಟ್ಟು ಬರಲಿಲ್ಲ. ಅವರು ನನ್ನಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ.

ಗಾಜಿನ ಟೀಪಾಟು ಇನ್ನೂ ಒಡೆದಿಲ್ಲ. ಮುಚ್ಚಳದ ಅಂಚು ಮಾತ್ರ ಸ್ವಲ್ಪ ಚಕ್ಕೆ ಎದ್ದಿದೆ; ಅದು ನನ್ನ ಕೈಯಿಂದಲೇ ಆದದ್ದು, ಅಂದೇ ಹೇಳಿದೆ. ಮೊನ್ನೆ ಮಧ್ಯಾಹ್ನ ನೀರು ಹೊಯ್ದು ಕುಳಿತಾಗ ಬ್ಯಾಂಕಿನಿಂದ ಇನ್ನೊಂದು ಲಕೋಟೆ ಬಂತು. ಒಡೆಯದೆ ಹಾಗೆಯೇ ತಂದು ಟೀಪಾಟಿನ ಪಕ್ಕಕ್ಕೆ, ಅವಳಿಗೆ ಕಾಣುವಂತೆ ಇಟ್ಟೆ. ಅವಳು ಲಕೋಟೆಯನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಗಾಜಿನ ಕಡೆ ನೋಡಿದಳು.

“ಮೊದಲು ಎಲೆ ಎತ್ತಿ, ನಾಲ್ಕು ನಿಮಿಷ ಆಯಿತು” ಎಂದಳು. “ಅದನ್ನ ಕುಡೀತಾ ಓದೋಣ.”